ಮತ್ಸ್ಯಪಾಲಕ ಮಹಾಶಯರು

ಹೊಸದಾಗಿ ಮೀನು ಸಾಕಲು ಹೊರಟ ಗೃಹಸ್ಥನನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ. ನಲವತ್ತರ ಆಸುಪಾಸಿನ ವಯಸ್ಸು, ತಪ್ಪದೆ ಬರುವ ಸಂಬಳ, ಸಾಲದ ಮೇಲೆ ಕಟ್ಟಿಸಿದ ಮನೆ, ಆ ಮನೆಯ ಹಜಾರದಲ್ಲಿ ಟೀವಿಗೂ ದೇವರ ಕೋಣೆಯ ಬಾಗಿಲಿಗೂ ನಡುವೆ ಖಾಲಿ ಉಳಿದು, ಏನನ್ನಾದರೂ ಇಡು ಇಡು ಎಂದು ಬಹುಕಾಲದಿಂದ ಪೀಡಿಸುತ್ತಿರುವ ಒಂದಿಷ್ಟು ಗೋಡೆ, ಇಷ್ಟು ಲಕ್ಷಣಗಳು ಒಂದೆಡೆ ಕೂಡಿದವೆಂದರೆ ಆ ಸ್ಥಳದಲ್ಲಿ ಇಂದಲ್ಲ ನಾಳೆ ಅಕ್ವೇರಿಯಂ ಅವತರಿಸಿಯೇ ತೀರುವುದು. ನಾಯಿಯನ್ನು ಸಾಕುವುದಕ್ಕೆ ಮನೆಯೊಡತಿಯ ಅನುಮತಿ ಬೇಕು. ಬೆಕ್ಕನ್ನು ಸಾಕುವುದಕ್ಕೆ ಬೆಕ್ಕಿನ ಅನುಮತಿ ಬೇಕು. ಮೀನಿಗಾದರೋ ಯಾರ ಅನುಮತಿಯೂ ಬೇಡವೆಂಬ ಭ್ರಾಂತಿಯಲ್ಲಿಯೇ ಈ ಮಹಾಶಯರ ಕಷ್ಟಪರಂಪರೆಗೆ ನಾಂದಿಯಾಗುತ್ತದೆ.

ನಾನು ಬಲ್ಲ ಮಹಾಶಯರು ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಲ್ಲಿ ವಾಸಮಾಡತಕ್ಕವರು. ಬ್ಯಾಂಕಿನಲ್ಲಿ ಸಾಲದ ವಿಭಾಗದ ಅಧಿಕಾರಿಗಳು. ಅನೇಕ ತಲೆಮಾರುಗಳಿಂದ ಮತ್ಸ್ಯವನ್ನು ದಶಾವತಾರದ ಪಟದಲ್ಲಲ್ಲದೆ ಬೇರೆಲ್ಲಿಯೂ ಸಮೀಪದಿಂದ ಕಂಡರಿಯದ ಮನೆತನದವರು. ಇವರನ್ನು ಹೋಲುವವರು ಬೀದಿಗೊಬ್ಬರಂತೆ ಇರುವುದರಿಂದ ಹೆಸರು ಹೇಳಬೇಕಾದ ಆವಶ್ಯಕತೆಯಿಲ್ಲ. ಸಾಲ ಕೇಳಲು ಬಂದವನ ಲೆಕ್ಕಪತ್ರಗಳನ್ನು ಮೂರು ಬಾರಿ ತಿರುವಿ, ಜಾಮೀನುದಾರನ ಜಾಮೀನನ್ನೂ ಸಂದೇಹಿಸಿ, ಅನಂತರವೂ ಒಂದು ವಾರ ಸತಾಯಿಸದೆ ಬಿಡಿಗಾಸನ್ನೂ ಮಂಜೂರು ಮಾಡದ ಈ ಜಾಗರೂಕರು, ಒಂದು ಭಾನುವಾರ ಶಿವಾಜಿನಗರದ ಕಡೆಗೆ ಹೋದವರು, ಗಾಜಿನ ತೊಟ್ಟಿ, ನೀಲಿ ಬಣ್ಣದ ಕಲ್ಲು, ಏರ್ ಪಂಪು, ಸ್ಪಂಜಿನ ಫಿಲ್ಟರು, ಪ್ಲಾಸ್ಟಿಕ್ಕಿನ ಗಿಡ, ಮುಚ್ಚಳ ತೆರೆದಾಗಲೆಲ್ಲ ಗುಳ್ಳೆ ಬಿಡುವ ಒಂದು ನಿಧಿಪೆಟ್ಟಿಗೆ, ಇವೆಲ್ಲದರೊಡನೆ ಅದೇ ದಿನ, ಅದೇ ಆಟೋರಿಕ್ಷಾದಲ್ಲಿ, ಮೀನುಗಳನ್ನೂ ತಂದುಬಿಟ್ಟರು. ನಾಲ್ಕು ಗೋಲ್ಡ್‌ಫಿಶ್, ಎರಡು ಏಂಜಲ್, ಆರು ಗಪ್ಪಿ. ಮೇಲೆ, "ಕಸ ಎಲ್ಲಾ ಇದೇ ತಿಂದು ಕ್ಲೀನ್ ಮಾಡ್ಬಿಡತ್ತೆ ಸಾರ್, ನೀವು ಕೈ ಹಾಕೋ ಹಾಗೇ ಇಲ್ಲ" ಎಂಬ ಅಂಗಡಿಯ ಹುಡುಗನ ಆಶ್ವಾಸನೆಯ ಮೇರೆಗೆ ಒಂದು ಸಕ್ಕರ್ ಮೀನು. ಬೆಳೆದರೆ ಅಡಿಗೂ ಮೀರಿ ಉದ್ದವಾಗಿ, ತಾನು ತಿನ್ನುವ ಕಸಕ್ಕಿಂತ ತಾನೇ ಹೆಚ್ಚು ಕಸ ಮಾಡುವ ಪ್ರಾಣಿ ಅದೆಂಬುದನ್ನು ಹುಡುಗನು ಹೇಳಲಿಲ್ಲ, ಮಹಾಶಯರು ಕೇಳಲಿಲ್ಲ. ಗೋಲ್ಡ್‌ಫಿಶ್ಶೆಂಬುದು ಚೀನಾ ದೇಶದವರು ಸುಮಾರು ಸಾವಿರ ವರ್ಷಗಳಿಂದ ಸಾಕಿ ರೂಪಿಸಿದ, ತಣ್ಣೀರನ್ನು ಬಯಸುವ ಜಾತಿ. ಏಂಜಲ್ ಮೀನಾದರೋ ಅಮೆಜಾನಿನ ಬೆಚ್ಚನೆಯ ನೀರಿನ ಕುಲದ್ದು. ಇವೆರಡನ್ನೂ ಎರಡಡಿಯ ತೊಟ್ಟಿಯಲ್ಲಿ ಸಹಜೀವನಕ್ಕೆ ಹಚ್ಚಿ, ಅಂದು ರಾತ್ರಿ ದೀಪವಾರಿಸಿದ ಹಜಾರದಲ್ಲಿ ಕುಟುಂಬಸಮೇತರಾಗಿ ಕುಳಿತು ನೋಡಿದರಂತೆ. ಆ ಒಂದು ರಾತ್ರಿಯ ಸುಖವನ್ನು ನಾವು ಅವರಿಂದ ಕಸಿಯಬಾರದು.

ಮೊದಲನೆಯ ಮೀನು ಬುಧವಾರ ಬೆಳಿಗ್ಗೆ ತೇಲಿತು.

ಮತ್ಸ್ಯಪಾಲಕನ ನಿಜವಾದ ಪ್ರತಿಭೆಯು ಪ್ರಕಾಶಕ್ಕೆ ಬರುವುದು ಇಲ್ಲಿಂದಲೇ. ಸಾವು ಅವನಿಗೆ ದುಃಖವನ್ನು ತರುವುದೇನೋ ನಿಜ. ಆದರೆ ಕಾಫಿ ತಣ್ಣಗಾಗುವುದರೊಳಗೆ ಆ ದುಃಖವು ಕಾರಣಮೀಮಾಂಸೆಯಾಗಿ ಪರಿಣಮಿಸುತ್ತದೆ. ಬುಧವಾರದ್ದಕ್ಕೆ ಅಂಗಡಿಯವನು ಹೊಣೆ: ಖಾಯಿಲೆಯ ಮೀನನ್ನೇ ಗಂಟುಹಾಕಿದ್ದಾನೆ. ಗುರುವಾರದ್ದಕ್ಕೆ ವಿದ್ಯುಚ್ಛಕ್ತಿ ಸರಬರಾಜು ಮಾಡತಕ್ಕವರು ಹೊಣೆ: ರಾತ್ರಿ ಕರೆಂಟು ಹೋಗಿ ಪಂಪು ನಿಂತಿತ್ತು. ಶನಿವಾರ ಎರಡು ಒಮ್ಮೆಲೇ ಹೋದಾಗ ಹೊಣೆಗಾರಿಕೆಯು ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಮಂಗಳೂರಿನವರ ಮೇಲೆ ಬಿತ್ತು. ಅವರು ಶುಕ್ರವಾರ ಸಂಜೆ ಬಂದು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದರು, ಮತ್ತು ಅವರ ನೋಟವು ಕೇವಲ ಸೌಂದರ್ಯೋಪಾಸಕನ ನೋಟವಾಗಿರಲಿಲ್ಲವೆಂಬುದು ಮಹಾಶಯರ ದೃಢವಾದ ಅಭಿಪ್ರಾಯ. ನೀರಿನ ಮೇಲೆ ಆರೋಪ ಹೊರಿಸುವುದಕ್ಕಂತೂ ಬೆಂಗಳೂರಿನಂತಹ ಪ್ರಶಸ್ತ ಸ್ಥಳ ಮತ್ತೊಂದಿಲ್ಲ. ಒಂದೇ ಸಂಪಿನೊಳಗೆ ಕಾವೇರಿಯ ನೀರೂ ಬೋರ್‌ವೆಲ್ಲಿನ ಗಡುಸು ನೀರೂ ಬೇಸಗೆಯಲ್ಲಿ ಟ್ಯಾಂಕರಿನವನು ಎಲ್ಲಿಂದಲೋ ತಂದು ಸುರಿದ ನೀರೂ ಸಂಗಮಿಸುವುದರಿಂದ, ಯಾವ ದಿನ ಯಾವ ಮೀನು ಸತ್ತರೂ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಗೃಹಸ್ಥನಿಗೆ ಇದ್ದೇ ಇರುತ್ತದೆ. ಕ್ಲೋರೀನು ಬೆರೆತ ನಲ್ಲಿಯ ನೀರನ್ನು ಹಾಗೆಯೇ ತುಂಬಿಸಬಾರದು, ಎರಡು ಹನಿ ಆಂಟಿಕ್ಲೋರಿನ್ ಬಿಡಬೇಕು ಎಂಬುದು ಸತ್ಯವೇ. ಆದರೆ ಇವರ ತೊಟ್ಟಿಯಲ್ಲಿ ನಡೆದ ಸಂಹಾರಕ್ಕೆ ಕಾರಣರು ಯಾರು ಎಂದರೆ, ಹೇಳಲು ಸಂಕೋಚವಾಗುತ್ತದೆ, ಬೇಕಾದುದಕ್ಕಿಂತ ಹೆಚ್ಚು ಪ್ರೀತಿ ಮಾಡಿದ ಇವರೇ.

ಮೀನು ಉಸಿರಾಡುತ್ತಲೇ ಕಿವಿರುಗಳಿಂದ ಅಮೋನಿಯವನ್ನು ಹೊರಗೆ ಬಿಡುತ್ತಿರುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ. ತೊಟ್ಟಿಯ ನೀರು ಸ್ಫಟಿಕದಂತೆ ಹೊಳೆಯುತ್ತಿರುವಾಗಲೇ ಒಳಗಿರುವ ಜೀವಕ್ಕೆ ಉರಿ ಹತ್ತಿರುವುದುಂಟು. ಕೆರೆ ಹೊಳೆಗಳಲ್ಲಿ ಇದನ್ನು ನೈಟ್ರೈಟಾಗಿಯೂ, ಅಷ್ಟೇ ಕ್ರೂರವಾದ ಆ ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಾಣುಗಳು ಯಥೇಚ್ಛವಾಗಿರುತ್ತವೆ; ಹೊಸ ತೊಟ್ಟಿಯಲ್ಲಿಯಾದರೋ ಅವು ಬಂದು ನೆಲೆಸಿ ವೃದ್ಧಿಯಾಗುವುದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ. ತೊಟ್ಟಿ ಪಳಗುವುದೆಂದರೆ ಇದೇ. ಪಳಗುವ ಮೊದಲೇ ಹದಿಮೂರು ಮೀನುಗಳನ್ನು ಬಿಟ್ಟ ತೊಟ್ಟಿಯು, ಒಳಚರಂಡಿ ಹಾಕುವುದಕ್ಕೆ ಮುಂಚೆಯೇ ಸೈಟುಗಳನ್ನೆಲ್ಲ ಮಾರಿ ಗೃಹಪ್ರವೇಶ ಮಾಡಿಸಿದ ನಮ್ಮ ಖಾಸಗಿ ಬಡಾವಣೆಗಳಂತೆ. ಮೊದಲ ವಾರ ಎಲ್ಲವೂ ಸೊಗಸು, ಎರಡನೆಯ ವಾರಕ್ಕೆ ವಾಸನೆ.

ಆ ಸೂಕ್ಷ್ಮಾಣುಗಳಿಗೂ ಮಹಾಶಯರಿಗೂ ನಡೆದ ಯುದ್ಧವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಾನುವಾರ ಬಂತೆಂದರೆ ಪಂಚೆಯನ್ನು ಮೊಳಕಾಲ ಮೇಲಕ್ಕೆ ಕಟ್ಟಿ, ಬದುಕುಳಿದವರನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸಾಗಿಸಿ, ತೊಟ್ಟಿಯ ನೀರನ್ನು ಕೊನೆಯ ಲೋಟದವರೆಗೂ ಹೊರಗೆ ಚೆಲ್ಲಿ, ನೀಲಿಯ ಕಲ್ಲುಗಳನ್ನು ಅಕ್ಕಿ ತೊಳೆಯುವ ಜರಡಿಯಲ್ಲಿ ಹಾಕಿ ತಿಕ್ಕುವರು. (ಆ ಜರಡಿ ಅಡುಗೆಮನೆಗೆ ಹಿಂದಿರುಗಲಿಲ್ಲ, ಮನೆಯೊಡತಿ ಬೇರೊಂದನ್ನು ಕೊಂಡರು.) ಅನಂತರ ಫಿಲ್ಟರಿನ ಸ್ಪಂಜಿನ ಸರದಿ. ಕಂದುಬಣ್ಣಕ್ಕೆ ತಿರುಗಿ, ಲೋಳೆ ಹಿಡಿದು, ಮುಟ್ಟಿದರೆ ಜಾರುವ ಅದನ್ನು ನಲ್ಲಿಯ ಧಾರೆಗೆ ಒಡ್ಡಿ, ಹಿಂಡಿ, ಮತ್ತೆ ಒಡ್ಡಿ, ಮತ್ತೆ ಹಿಂಡಿ, ಕೊಳೆಯ ನೀರು ತಿಳಿಯಾಗುವವರೆಗೂ ಬಿಡದೆ, ಕೊನೆಗೆ ಅಂಗಡಿಯಿಂದ ತಂದ ದಿನದ ಹಳದಿ ಬಣ್ಣ ಮರಳಿದಾಗ ಎತ್ತಿಹಿಡಿದು, "ನೋಡಿ, ಹೇಗಿತ್ತು, ಹೇಗಾಯಿತು!" ಎಂದು ನನ್ನನ್ನು ಸಾಕ್ಷಿಗೆ ಕರೆದರು. ಒಂದು ವಾರ ಹೆಣಗಿ ಆ ಸ್ಪಂಜಿನ ರಂಧ್ರಗಳಲ್ಲಿ ಮನೆಮಾಡಿಕೊಂಡಿದ್ದ ಉಪಕಾರಿಗಳ ಸಮಸ್ತ ವಂಶವೂ ಆ ಲೋಳೆಯೊಡನೆ ಮೋರಿಗೆ ಇಳಿದುಹೋಯಿತು. ಸೋಮವಾರದಿಂದ ಅಮೋನಿಯದ ರಾಜ್ಯಭಾರ ಹೊಸದಾಗಿ ಮೊದಲು. ಮಂಗಳವಾರ ನೀರು ಹಾಲಿನಂತೆ ಮಬ್ಬಾಯಿತು; ಅದು ನೀರಿನಲ್ಲಿ ಜೀವಾಣುಗಳು ಹಠಾತ್ತಾಗಿ ಹೆಚ್ಚಿದುದರ ಲಕ್ಷಣ, ಸುಮ್ಮನೆ ಬಿಟ್ಟರೆ ತಾನಾಗಿಯೇ ತಿಳಿಯಾಗುವಂಥದು. ಸುಮ್ಮನೆ ಬಿಡುವುದೆಂಬುದೊಂದು ಕ್ರಿಯೆ ಇವರ ಜಾತಕದಲ್ಲಿಯೇ ಇಲ್ಲ. ಮತ್ತೆ ಬಕೆಟ್ಟು, ಮತ್ತೆ ಜರಡಿ.

ಗಪ್ಪಿಗಳ ಕಥೆ ಇನ್ನೂ ಮಾರ್ಮಿಕವಾದುದು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಮ್ಮ ಆರೋಗ್ಯ ಇಲಾಖೆಯವರು ಬಾವಿ ಕುಂಟೆಗಳಿಗೆ ಬಿಡುವ ಮೀನು ಇದೇ. ಯಾರ ಉಪಚಾರವೂ ಇಲ್ಲದೆ ಮೋರಿಯ ನೀರಿನಲ್ಲಿಯೂ ಬಾಲವಾಡಿಸಿಕೊಂಡು, ಮೊಟ್ಟೆಯ ಗೊಡವೆಯೂ ಇಲ್ಲದೆ ನೇರವಾಗಿ ಮರಿಗಳನ್ನೇ ಈಯುತ್ತ ವಂಶಾಭಿವೃದ್ಧಿ ಮಾಡಿಕೊಳ್ಳತಕ್ಕ ಜೀವಿ. ಅಂಥದ್ದು ಈ ಮನೆಯ ಶುಚಿತ್ವವನ್ನು ತಾಳಲಾರದೆ ಆರಕ್ಕಾರೂ ತೀರಿಕೊಂಡಿತು.

ಆಹಾರದ ವಿಷಯದಲ್ಲಿ ಇವರದು ಅತಿಥಿಸತ್ಕಾರದ ಪದ್ಧತಿ. ಬೆಳಿಗ್ಗೆ ಇವರು ಒಂದು ಚಿಟಿಕೆ ಹಾಕುವರು. ಶಾಲೆಗೆ ಹೊರಡುವ ಮುನ್ನ ಮಗಳು ಒಂದು ಚಿಟಿಕೆ. "ಪಾಪ, ಬಾಯಿ ಬಾಯಿ ಬಿಡ್ತಾ ಇದೆ" ಎಂದು ಮಧ್ಯಾಹ್ನ ಅಜ್ಜಿಯವರದು ಒಂದು ಹಿಡಿ. ಮೀನು ಬಾಯಿ ತೆರೆದು ಮುಚ್ಚುವುದು ಉಸಿರಾಟಕ್ಕೆಂಬುದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ತಿನ್ನದೆ ಉಳಿದ ಕಾಳುಗಳು ತಳದಲ್ಲಿ ಕೊಳೆತು ಅಮೋನಿಯಕ್ಕೆ ಕೈಕೂಡಿಸಿದವು. ಮೀನಿಗೆ ಉಣಿಸುವುದು ನಮ್ಮವರಿಗೆ ಹೊಸತೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವನ್ನೇ ರಚಿಸಿ, ಮೀನುಗಳ ಜಾತಿಗಳನ್ನೂ ಅವುಗಳಿಗೆ ಒಡ್ಡಬೇಕಾದ ಆಹಾರವನ್ನೂ ವಿವರಿಸಿದ್ದಾನೆ. ಆದರೆ ಆ ಮಹಾರಾಜನ ಉದ್ದೇಶವು ಗಾಳದಲ್ಲಿ ಪರ್ಯವಸಾನವಾಗತಕ್ಕದ್ದು. ಉಣಿಸಿದ ಮೀನು ಸತ್ತಿತೆಂದು ಆತನು ಆಶ್ಚರ್ಯಪಡುತ್ತಿರಲಿಲ್ಲ.

ಸಾವುಗಳು ಹೆಚ್ಚಿದಂತೆ ಮನೆಯಲ್ಲಿ ಧರ್ಮಸೂಕ್ಷ್ಮಗಳೂ ತಲೆಯೆತ್ತಿದವು. "ಅಲ್ಲ ಕಣೋ, ದೇವರ ಮನೆ ಪಕ್ಕದಲ್ಲೇ ದಿನಾ ಒಂದೊಂದು ಹೋಗ್ತಾ ಇದೆ. ಇದಕ್ಕೆ ಸೂತಕ ಇದೆಯೋ ಇಲ್ವೋ, ಪುರೋಹಿತರನ್ನ ಒಂದು ಮಾತು ಕೇಳ್ಬಿಡು" ಎಂದು ತಾಯಿಯವರು ಪಟ್ಟುಹಿಡಿದರು. ಪುರೋಹಿತರು ಫೋನಿನಲ್ಲಿ ಕ್ಷಣಕಾಲ ಮೌನವಾಗಿದ್ದು, ಮೃತರು ಸಪಿಂಡರಲ್ಲವಾದಕಾರಣ ಸ್ನಾನಮಾತ್ರದಿಂದ ಶುದ್ಧಿಯೆಂದು ನಿರ್ಣಯ ಕೊಟ್ಟರು. ಅಂತ್ಯಸಂಸ್ಕಾರಕ್ಕೆ ಹಿತ್ತಿಲ ಕರಿಬೇವಿನ ಗಿಡದ ಬುಡ ಗೊತ್ತಾಯಿತು. ಗಿಡವು ಆ ಗೊಬ್ಬರದಿಂದ ಸೊಂಪಾಗಿ ಚಿಗುರಿ, ನೆರೆಹೊರೆಯವರೆಲ್ಲ ಬಂದು ಕೊಯ್ದುಕೊಂಡು ಹೋಗುವಷ್ಟಾದರೂ, ಅದರ ಒಂದೆಸಳೂ ತಮ್ಮ ಒಗ್ಗರಣೆಗೆ ಬೀಳಕೂಡದೆಂದು ತಾಯಿಯವರ ಕಟ್ಟಪ್ಪಣೆಯಾಗಿ, ಆ ಮನೆಯವರು ಈಗ ಮಾರುಕಟ್ಟೆಯಿಂದ ಕರಿಬೇವು ತರುತ್ತಿದ್ದಾರೆ.

ಶೋಕಾಕುಲರಾದವರಿಗೆ ಸಮಾಧಾನ ಹೇಳತಕ್ಕವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಬ್ಯಾಂಕಿನ ಸಹೋದ್ಯೋಗಿಯೊಬ್ಬರು, ಮೀನು ಸಾಯುವುದು ಶುಭವೆಂದೂ, ಮನೆಯವರಿಗೆ ಬರಬೇಕಾಗಿದ್ದ ಕಂಟಕವನ್ನು ಅದು ತನ್ನ ಮೇಲೆ ತೆಗೆದುಕೊಂಡು ಹೋಗುವುದೆಂದೂ, ಎಂಟು ಕೆಂಪು ಮೀನಿನ ನಡುವೆ ಒಂದು ಕಪ್ಪು ಮೀನನ್ನು ಇಟ್ಟರೆ ವಾಸ್ತುದೋಷವೆಲ್ಲ ಅದಕ್ಕೇ ತಗಲುವುದೆಂದೂ ಉಪದೇಶಿಸಿದರು. ಕಪ್ಪು ಮೀನು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಈ ಲೆಕ್ಕದಲ್ಲಿ ಆ ಕುಟುಂಬಕ್ಕೆ ಇನ್ನು ಮೂರು ತಲೆಮಾರಿನವರೆಗೆ ಯಾವ ಕಂಟಕವೂ ಬಾಕಿ ಉಳಿದಿರಲಾರದು. ಹಾಗಿದ್ದರೂ ಆ ವರ್ಷದ ಬಡ್ತಿಯ ಪಟ್ಟಿಯಲ್ಲಿ ಮಹಾಶಯರ ಹೆಸರಿರಲಿಲ್ಲ.

ಕಷ್ಟವು ಮನುಷ್ಯನನ್ನು ಪಂಡಿತನನ್ನಾಗಿ ಮಾಡುತ್ತದೆ. ವಿವೇಕಿಯನ್ನಾಗಿ ಮಾಡುವುದಕ್ಕೆ ಇನ್ನೂ ಕೆಲವು ಮೀನುಗಳು ಬೇಕಾಗುತ್ತವೆ. ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿಯ ಚುಕ್ಕೆಗಳೆದ್ದ ರೋಗ ಬಂದಾಗ ಇವರು ರಾತ್ರಿಯೆಲ್ಲ ಯೂಟ್ಯೂಬಿನ ಮುಂದೆ ಕುಳಿತು, ಅದರ ಕಾರಣಕರ್ತನಾದ ಪರೋಪಜೀವಿಯ ಹೆಸರು ಇಕ್ತಿಯೋಫ್ತಿರಿಯಸ್ ಎಂಬುದನ್ನು ಕಂಠಪಾಠಮಾಡಿ, ಮರುದಿನ ಬಂದವರಿಗೆಲ್ಲ ಸಹಸ್ರನಾಮದ ಗತ್ತಿನಲ್ಲಿ ಉಚ್ಚರಿಸಿ ತೋರಿಸಿದರು. ಕಲ್ಲುಪ್ಪು ಹಾಕಿದರು, ನೀಲಿಯ ಔಷಧ ಬಿಟ್ಟರು, ಹೀಟರಿನ ಕಿವಿ ತಿರುವಿದರು. ಚುಕ್ಕೆಗಳು ಮಾಯವಾದವು. ಮಾಯವಾದ ಕ್ಷಣವೇ ಚಿಕಿತ್ಸೆಯನ್ನು ನಿಲ್ಲಿಸಿ ಮನೆಮಂದಿಗೆಲ್ಲ ಕೇಸರಿಭಾತು ಮಾಡಿಸಿದರು. ಆದರೆ ಆ ಪಾಪಿಯು ಮೀನಿನ ಮೈ ಬಿಟ್ಟದ್ದು ತಳದ ಕಲ್ಲುಗಳಲ್ಲಿ ಅಡಗಿ, ಒಂದು ನೂರಾರಾಗಿ ಒಡೆದು, ಈಜುತ್ತ ಹಿಂದಿರುಗಿ ಬರುವುದಕ್ಕೆ. ಔಷಧವು ಅದಕ್ಕೆ ತಾಗುವುದು ಹಾಗೆ ಈಜುವ ಅಲ್ಪಾವಧಿಯಲ್ಲಿ ಮಾತ್ರ. ಕೇಸರಿಭಾತು ಜೀರ್ಣವಾಗಿ ಕೆಲವು ದಿನಗಳಲ್ಲಿಯೇ ಏಂಜಲ್ ಮೀನುಗಳೆರಡೂ ಹೆಸರಿಗೆ ತಕ್ಕಂತೆ ದೇವಲೋಕದ ದಾರಿ ಹಿಡಿದವು.

ಹೀಗಾದವರಲ್ಲಿ ಇವರೇ ಮೊದಲಿಗರಲ್ಲವೆಂಬುದನ್ನು ಹೇಳಿ ಸಂತೈಸೋಣವೆಂದು ನಾನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ನನ ವೃತ್ತಾಂತವನ್ನು ತೆಗೆದೆ. ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಶ್ಶುಗಳನ್ನೂ ನೀರುಗಿಡವನ್ನೂ ಇಟ್ಟಿದ್ದ ಆತನು, ಎಲೆ ಕೊಳೆತು ನೀರು ಕೆಟ್ಟಾಗ ತಿಕ್ಕಿ ತೊಳೆಯಲು ಹೊರಡದೆ, ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಒಳಗೆ ಬಿಟ್ಟು, ಅವು ಸಸ್ಯ ಪ್ರಾಣಿಗಳ ಸಮತೋಲವನ್ನು ಕಾಯುವುದನ್ನು ಕಂಡು 1850ರಲ್ಲಿ ಪ್ರಕಟಿಸಿದನೆಂದೆ. ಮಹಾಶಯರು ಗಮನವಿಟ್ಟು ಕೇಳಿ, "ಬಸವನಹುಳು ಶಿವಾಜಿನಗರದಲ್ಲಿ ಸಿಕ್ಕುತ್ತದೆಯೇ?" ಎಂದರು.

ಈಗ ತೊಟ್ಟಿಯಲ್ಲಿ ಉಳಿದಿರುವುದು ಸಕ್ಕರ್ ಒಂದೇ. ಗಾಜಿಗೆ ಬಾಯಿ ಕಚ್ಚಿಕೊಂಡು, ಯಾವ ಪ್ರೀತಿಗೂ ಜಗ್ಗದೆ, ಅಂಗೈಯಗಲ ಬೆಳೆದಿದೆ. ಎಲ್ಲ ಅನಿಷ್ಟಕ್ಕೂ ತೊಟ್ಟಿ ಚಿಕ್ಕದಾದದ್ದೇ ಮೂಲವೆಂಬ ಸಿದ್ಧಾಂತಕ್ಕೆ ಮಹಾಶಯರು ಬಂದಿದ್ದಾರೆ. ನೀರು ಹೆಚ್ಚಿದ್ದಷ್ಟೂ ಮಾಲಿನ್ಯದ ತೀವ್ರತೆ ಕುಗ್ಗುವುದರಿಂದ ದೊಡ್ಡ ತೊಟ್ಟಿಯೇ ಹೊಸಬರಿಗೆ ಸುಲಭವೆಂಬುದು ನಿಜವಾದಕಾರಣ, ಈ ಒಂದು ವಿಷಯದಲ್ಲಿ ಅವರನ್ನು ಖಂಡಿಸಲು ನನಗೆ ಅವಕಾಶವಿಲ್ಲ. ನಾಲ್ಕಡಿಯ ತೊಟ್ಟಿ ಮೊನ್ನೆ ಬುಧವಾರ ಬಂದಿಳಿಯಿತು. "ಸೋಫಾ ಎಲ್ಲಿಡೋದು ರೀ?" ಎಂದು ಮನೆಯೊಡತಿ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ನಾನು ಮಾತ್ರ ಹಳೆಯ ಸ್ನೇಹದ ಸಲುಗೆಯಿಂದ, ಈ ಸಲವಾದರೂ ತೊಟ್ಟಿ ಪಳಗುವವರೆಗೆ ಕಾಯುವಿರಷ್ಟೆ ಎಂದು ಮೆಲ್ಲಗೆ ವಿಚಾರಿಸಿದೆ.

"ಛೇ ಛೇ, ಅವಸರ ಮಾಡಿಯೇ ಅಲ್ಲವೆ ಇಷ್ಟೆಲ್ಲ ಆದದ್ದು!" ಎಂದು ಅವರು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು. "ಈ ಸಲ ನಿಧಾನವಾಗಿಯೇ ಎಲ್ಲ. ಪಂಚಾಂಗ ನೋಡಿಸಿದ್ದೇನೆ. ಶುಕ್ರವಾರ ಬಿಡೋಣವೆಂದಿದ್ದೇನೆ."