ಬೇವು, ಬೆಲ್ಲ ಮತ್ತು ಎರಡು ಜರ್ಸಿ

ವಸಂತ ಅಂದ್ರ ಕವಿಗಳಿಗೆ ಕೋಗಿಲೆ. ಸೊಲ್ಲಾಪುರದ ಚೈತ್ರದ ಬಿಸಿಲಾಗ ಕೋಗಿಲೆ ಬಾಯಿ ಬಿಡೂದ ಕಡಿಮಿ; ಕೂಗೂದೇನಿದ್ರೂ ಟಿವಿ ಮುಂದ ಕುಂತ ಮಂದಿ.

ಇಲ್ಲಿ ಯುಗಾದಿ, ಗುಡಿ ಪಾಡವಾ ಒಂದೇ ದಿನ. ಮರುದಿನ, ಚೈತ್ರ ಶುದ್ಧ ಬಿದಿಗಿಗೆ, ಅಕ್ಕಲಕೋಟದಾಗ ಸ್ವಾಮಿ ಸಮರ್ಥರ ಪ್ರಕಟ ದಿನ. ಅದರ ಆಸುಪಾಸಿನಾಗ ಐಪಿಎಲ್ಲೂ ಪ್ರಕಟ! ಗಡಿನಾಡ ಕನ್ನಡಿಗರ ಸಂಕಟ ಅಲ್ಲಿಂದ ಶುರು. ರೇಷನ್ ಕಾರ್ಡ್ ಮಹಾರಾಷ್ಟ್ರದ್ದು, ಮನಿ ಮಾತು ಕನ್ನಡ, ಚಪ್ಪಾಳಿ ಯಾರಿಗೆ? ಜಾಣರು 2013ರಿಂದ 2020ರೊಳಗ ಐದು ಸಲ ಗೆದ್ದ ಮುಂಬೈ ಕಡೆ ಹೋದ್ರು. ಬೆಂಗಳೂರಿನ ಭಕ್ತರು 2008ರಿಂದ ಬರೇ ಬೇವು ಅಗದ್ರು. ಬೆಲ್ಲ ಸಿಕ್ಕದ್ದು 2025ರ ಜೂನ್ 3ಕ್ಕ, ಅದೂ ಪಂಜಾಬ್ ಮ್ಯಾಲೆ ಆರೇ ರನ್ನಿನಿಂದ.

ನನ್ನ ಕೇಳಿದ್ರ ಖರೇ ಆಟ ಜಾತ್ರಿ ಕುಸ್ತಿ. ಕೆಂಪು ಮಣ್ಣಿಗೆ ಎಣ್ಣಿ, ಮಜ್ಜಿಗಿ, ಅರಿಷಿಣ, ನಿಂಬಿರಸ ಕಲಸಿ ಹದ ಮಾಡಿದ ಕಣ. (ಅರ್ಧ ಸಾಮಾನು ಅಡಿಗಿಮನಿಯದ.) ಮೊದಲ ತೆಂಗಿನಕಾಯಿ ಪಣಕ್ಕಿಟ್ಟು ಸಣ್ಣ ಹುಡುಗರ ಕುಸ್ತಿ, ಗೆದ್ದ ಕಾಯಿ ಸಂಜಿಕ ಅವ್ವನ ಚಟ್ನಿಗೆ. ದೊಡ್ಡ ಜೋಡಿ ಇಳಿಯೂ ಹೊತ್ತಿಗೆ ಹಲಗಿ ಸದ್ದು ಏರತದ. ಬಾಜೂದ ಕಾಕಾ ಶೇಂಗಾ ಬಿಡಿಸೂದು ಬಿಟ್ಟು ಚೀರತಾನ: "ಏ ತಮ್ಮಾ, ಕಾಲ್ ಹಿಡೀಯೋ, ಕಾಲ್!" ಕುಸ್ತಿ ಆಡೂವವರಕಿಂತ ಅವಗ ಹೆಚ್ಚು ಬೆವರು.

ಥರ್ಡ್ ಅಂಪೈರ್ ಇಲ್ಲಿಲ್ಲ. ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲೋ, ಇಡೀ ಊರ ತೀರ್ಪು ಕೊಡತದ, ಕನ್ನಡ-ಮರಾಠಿ ಎರಡರಾಗೂ, ಒಮ್ಮಿಗೇ.