ಕೂತರೆ ಸುದ್ದಿಯಲ್ಲ, ಸುಟ್ಟರೆ ಸುದ್ದಿ

ಮುಂದುವರಿಯುತ್ತಿರುವ ದೇಶದಲ್ಲಿ ಮಾಧ್ಯಮ ಏನು ಮಾಡಬೇಕೆಂದು ದೊಡ್ಡವರು ಗೋಷ್ಠಿ ನಡೆಸುತ್ತಿರುತ್ತಾರೆ. ಅವರು ಒಮ್ಮೆ ನಮ್ಮ ಕಡೆ ಬರಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇನ್ನೂ ವಿಜಾಪುರ ಜಿಲ್ಲೆಯಲ್ಲಿದ್ದಾಗಲೇ ಆ ಜಿಲ್ಲೆಯ ಮೇಲೆ ಅಂಥದೊಂದು ಪ್ರಯೋಗ ನಡೆದಿದೆ. 1975ರ ಆಗಸ್ಟ್ 1ರಂದು, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಟಿ.ವಿ. ತೋರಿಸುವ ‘ಸೈಟ್’ ಯೋಜನೆ ಶುರುವಾಯಿತು. ಅದಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿ ವಿಜಾಪುರವೂ ಒಂದು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಎಲ್ಲವೂ ಆಕಾಶದಿಂದಲೇ ಇಳಿದವು. ಆಗ ತುರ್ತುಪರಿಸ್ಥಿತಿ, ಪತ್ರಿಕೆಗಳಿಗೆ ಸೆನ್ಸಾರು. ಹೊಲಕ್ಕೆ ಏನು ಹಾಕಬೇಕೆಂದು ಹಳ್ಳಿಯವನಿಗೆ ತಿಳಿಯಬೇಕು, ಜೈಲಿಗೆ ಯಾರನ್ನು ಹಾಕಿದ್ದಾರೆಂದು ಮಾತ್ರ ತಿಳಿಯಬಾರದು. ವರ್ಷ ತುಂಬಿದ ಮೇಲೆ ಉಪಗ್ರಹ ವಾಪಸು ಹೋಯಿತು. ಮೇಲಿನವರು ಹೇಳುವುದು, ಕೆಳಗಿನವರು ಕೇಳುವುದು ಎಂಬ ಪದ್ಧತಿ ಇಲ್ಲೇ ಉಳಿಯಿತು.

ಈಗ ಎರವಲಿನ ಹಂಗಿಲ್ಲ. ದಿನದ 24 ತಾಸೂ ಬ್ರೇಕಿಂಗ್. ಆದರೆ ಚಾನೆಲ್ಲಿನ ಗಾಡಿ ನಮ್ಮ ಕಡೆ ತಿರುಗಬೇಕಾದರೆ ಮತ, ಮಹಾಪೂರ, ಬೆಂಕಿ, ಈ ಮೂರರಲ್ಲಿ ಒಂದಾದರೂ ಇರಬೇಕು. ಮೂರೂ ಇಲ್ಲದಿದ್ದರೆ ನಾಯಿ.

ನಾಯಿ ಎಂದದ್ದು ಬೈಗುಳವಲ್ಲ. 2018ರ ಮೇ ತಿಂಗಳಲ್ಲಿ ಚುನಾವಣಾ ಪ್ರಚಾರಕ್ಕೆ ಜಮಖಂಡಿಗೆ ಬಂದ ಪ್ರಧಾನಿ ನರೇಂದ್ರ ಮೋದಿ, ದೇಶಭಕ್ತಿಯನ್ನು ಮುಧೋಳ ನಾಯಿಯಿಂದಲಾದರೂ ಕಲಿಯಿರಿ ಎಂದು ಕಾಂಗ್ರೆಸ್ಸಿಗೆ ಹೇಳಿದರು. ಕವಿ ರನ್ನನನ್ನು ಹೆತ್ತ ಊರಿಗೆ ಸಾವಿರ ವರ್ಷದಲ್ಲಿ ಸಿಗದ ಪ್ರೈಮ್ ಟೈಮ್ ಅದರ ನಾಯಿಗೆ ಒಂದೇ ದಿನದಲ್ಲಿ ಸಿಕ್ಕಿತು. 2020ರಲ್ಲಿ ‘ಮನ್ ಕೀ ಬಾತ್’ನಲ್ಲೂ ಅದರ ಹೆಸರು ಬಂತು. ಸಂತೋಷವೇ. ಆ ನಾಯಿ ದೂರದಿಂದಲೇ ಕಣ್ಣಿಟ್ಟು, ಸದ್ದು ಮಾಡದೆ ಬೆನ್ನಟ್ಟಿ, ಬೇಟೆಯನ್ನು ಹಿಡಿಯುತ್ತದೆ. ಕೂತಲ್ಲೇ ಬೊಗಳಿ ಸಂಬಳ ಎಣಿಸುವ ತಳಿ ಬೇರೆ. ಅದನ್ನು ಮುಧೋಳದಲ್ಲಿ ಸಾಕುವುದಿಲ್ಲ.

ಇನ್ನು ಕಬ್ಬು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ರೈತನ ಬಿಲ್ಲು ಪಾವತಿಸಬೇಕು. ಬಾಕಿಗಾಗಿ ರೈತರು ಧರಣಿ ಕೂತಾಗ, ಊರಿನ ವರದಿಗಾರನಿಗೂ ಬೆಂಗಳೂರಿನ ಡೆಸ್ಕಿಗೂ ಹೀಗೊಂದು ಮಾತುಕತೆ ನಡೆಯುತ್ತದೆ.

“ಸರ್, ಕಾರ್ಖಾನಿ ಗೇಟಿನ ಮುಂದ ರೈತರು ಕುಂತಾರ್ರೀ.”

“ಕೂತಿದ್ದಾರಾ? ಕಲ್ಲು ತೂರಾಟ ಏನಾದ್ರೂ?”

“ಇಲ್ರೀ ಸರ್, ಭಜನಿ ಮಾಡಾಕತ್ತಾರ.”

“ಭಜನೆ ಏನು ತೋರಿಸೋದಪ್ಪ! ಎದ್ದಾಗ ಫೋನ್ ಮಾಡು.”

2025ರ ನವೆಂಬರಿನಲ್ಲಿ ಎದ್ದರು. ಟನ್ನಿಗೆ 3,500 ರೂಪಾಯಿ ಕೇಳಿದ ಚಳವಳಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಿಂದ ಮುಧೋಳ ಸೀಮೆಗೂ ಹಬ್ಬಿತು. ಸರ್ಕಾರ 3,300 ಎಂದಿತು, ಮುಧೋಳದವರು ಒಪ್ಪಲಿಲ್ಲ. ಆಮೇಲೆ ಸಮೀರವಾಡಿಯ ಕಾರ್ಖಾನೆ ಬಳಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿಗಳು ಹೊತ್ತಿ ಉರಿದವು. ಹಚ್ಚಿದವರನ್ನು ಹುಡುಕುವುದು ಪೊಲೀಸರ ಕೆಲಸ. ಆದರೆ ಆ ರಾತ್ರಿ ಇಡೀ ದೇಶಕ್ಕೆ ಸಮೀರವಾಡಿ ಕಾಣಿಸಿತು. ಮಾಧ್ಯಮ ಜನರಿಗೆ ಶಿಕ್ಷಣ ನೀಡುತ್ತಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಕೂತರೆ ಯಾರೂ ಬರುವುದಿಲ್ಲ, ಹೊಗೆ ಎದ್ದರೆ ಎಲ್ಲರೂ ಬರುತ್ತಾರೆ ಎಂಬ ಪಾಠವನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾವ ಮಾಸ್ತರರೂ ಕಲಿಸಿಲ್ಲ.

ಬೀಳಗಿಯ ಕಷ್ಟಕ್ಕೆ ಹೊಗೆಯೂ ಏಳುವುದಿಲ್ಲ, ಅದು ನೀರಿನದು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ನ್ಯಾಯಾಧಿಕರಣ ಹೇಳಿದ್ದು 2010ರಲ್ಲಿ. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಸಚಿವ ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ನಡುವಿನ ಹದಿನೈದು ವರ್ಷ ಹಿನ್ನೀರಿನ ರೈತ ಬಾವಿ ತೋಡಿಸಲೋ ಬೇಡವೋ, ಮನೆ ಕಟ್ಟಲೋ ಬೇಡವೋ ಎಂದು ಕಾದದ್ದನ್ನು ಯಾವ ಕ್ಯಾಮೆರಾ ಹಿಡಿದೀತು? ಕಾಯುವವನ ದೃಶ್ಯದಲ್ಲಿ ಚಲನೆಯಿಲ್ಲ. ಜಲಾಶಯದ ಗೇಟು ಎತ್ತಿದರೆ ಮಾತ್ರ ಭರ್ಜರಿ ದೃಶ್ಯ.

ನೇಕಾರರ ರಬಕವಿ-ಬನಹಟ್ಟಿಯನ್ನು ಮಾಧ್ಯಮ ಮರೆತಿಲ್ಲ. ಆಗಸ್ಟ್ 7ರ ಕೈಮಗ್ಗ ದಿನದಂದು ನಿರೂಪಕಿಯರು ಸೀರೆ ಉಟ್ಟು ನೇಕಾರರಿಗೆ ನಮಸ್ಕಾರ ಹೇಳುತ್ತಾರೆ. ಉಳಿದ ದಿನಗಳಲ್ಲಿ ನೂಲಿನ ದರ, ಕರೆಂಟ್ ಬಿಲ್ಲು, ಮಾರಾಟವಾಗದೆ ಮನೆಯಲ್ಲೇ ಪೇರಿಸಿಟ್ಟ ಸೀರೆಗಳು ಎಲ್ಲವೂ ಜಿಲ್ಲಾ ಪುಟಕ್ಕೆ ಸೇರಿದ್ದು. ಆ ಪುಟದಲ್ಲೂ ಸಾಹೇಬರ ಹುಟ್ಟುಹಬ್ಬದ ಜಾಹೀರಾತು ಜಾಗ ಬಿಟ್ಟರೆ.

ಇದೇ ನೆಲದ ಇನ್ನೊಂದು ಕತೆ ಉಂಟು. 1989ರಲ್ಲಿ ಜಮಖಂಡಿ ಕಡೆಯ ರೈತರು ಸರ್ಕಾರದ ದಾರಿ ಕಾಯದೆ, ಸ್ವಂತ ದುಡ್ಡು, ಸ್ವಂತ ಬೆವರು ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರು 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಆ ಬ್ಯಾರೇಜನ್ನು ಇಂದು ಕಟ್ಟಿದ್ದರೆ? “ರೈತರ ಹಿಂದೆ ಯಾರ ಕೈವಾಡ?” ಎಂದು ಒಂದು ಚಾನೆಲ್, “ನೀರು ನಿಲ್ಲಿಸಲು ಮುಹೂರ್ತ ಸರಿಯಿತ್ತೇ?” ಎಂದು ಜ್ಯೋತಿಷಿಯನ್ನು ಕೂರಿಸಿಕೊಂಡು ಮತ್ತೊಂದು ಚಾನೆಲ್. ನೀರು ಹೊಲಕ್ಕೆ ಹರಿದ ದಿನ ಎರಡೂ ಚಾನೆಲ್ಲಿನವರು ಬೆಂಗಳೂರಿನಲ್ಲಿ ಶಾಸಕರ ರೆಸಾರ್ಟ್ ಬಾಗಿಲು ಕಾಯುತ್ತಿರುತ್ತಿದ್ದರು.

ಅಭಿವೃದ್ಧಿ ಪತ್ರಿಕೋದ್ಯಮವೆಂದು ಗೋಷ್ಠಿಯಲ್ಲಿ ಕರೆಯುವುದನ್ನು ನಮ್ಮ ಸೀಮೆಯಲ್ಲಿ ಮಾಡಲು ಉಪಗ್ರಹ ಬೇಡ, ನುರಿತ ತಂಡವೂ ಬೇಡ. ಕಬ್ಬು ಸಾಗಿಸಿದ ಹದಿನೈದನೆಯ ದಿನ ಕಾರ್ಖಾನೆಯ ಕಚೇರಿಗೆ ಹೋಗಿ, “ಬಿಲ್ ಕೊಟ್ರೇನ್ರೀ?” ಎಂದು ಕೇಳಿ, ಬಂದ ಉತ್ತರವನ್ನು ಹಾಗೆಯೇ ಅಚ್ಚು ಹಾಕಿದರೆ ಸಾಕು. ಹದಿನಾರನೆಯ ದಿನವೂ ಹೋಗಬೇಕು. ಹಾಗೆ ಕೇಳುತ್ತ ಹೋದ ಪತ್ರಿಕೆಗೆ ಬರುವ ದೀಪಾವಳಿಗೆ ಕಾರ್ಖಾನೆಯ ಶುಭಾಶಯದ ಪುಟ ಬರಲಿಕ್ಕಿಲ್ಲ. ಖಾಲಿ ಬಿದ್ದ ಆ ಪುಟದಲ್ಲಿ ಬಾಕಿ ಬರಬೇಕಾದ ರೈತರ ಪಟ್ಟಿ ಹಾಕಬಹುದು. ಪಟ್ಟಿ ಉದ್ದವಿದೆ, ಪುಟ ಸಾಲದಿದ್ದರೆ ನಾಯಿಯ ಸುದ್ದಿಯನ್ನು ಒಂದು ದಿನ ಕೈಬಿಡಲಿ.