ಕೂಪೆ ಎಂಬ ಕೂಪ

ಜಾವಗಲ್‌ನ ಹೊರವಲಯ, ತೆಂಗಿನ ತೋಟದೊಳಗೊಂದು ಶೆಡ್ಡು. ಕೊಬ್ಬರಿ ಚೀಲಗಳ ಮಗ್ಗುಲಲ್ಲಿ ಎಂಬತ್ತರ ದಶಕದ ಒಂದು ಸಿಪಾನಿ ಡಾಲ್ಫಿನ್ ನಿಂತಿದೆ. ಎರಡೇ ಬಾಗಿಲು, ಫೈಬರ್ ಮೈ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದೆ. ಯಜಮಾನರು ಇದನ್ನು ತೆಗೆದು ಹೊಸದೊಂದು ‘ಸ್ಪೋರ್ಟಿ ಕೂಪೆ’ ತರುತ್ತಾರಂತೆ ಎಂಬ ಸುದ್ದಿ ಊರಲ್ಲಿ ಓಡಾಡುತ್ತಿರುವುದರಿಂದ, ಕೋಳಿಯ ಅಪ್ಪಣೆ ಪಡೆದು ಮುಂದಿನ ಸೀಟಿನಲ್ಲಿ ಕೂತು ನಡೆಸಿದ ಸಂದರ್ಶನ ಇದು.

ಪ್ರಶ್ನೆ: ನಮಸ್ಕಾರ. ಆರೋಗ್ಯ ಹೇಗಿದೆ?

ಡಾಲ್ಫಿನ್: ಮೈ ಫೈಬರ್, ತುಕ್ಕಿನ ಮಾತೇ ಇಲ್ಲ ಸ್ವಾಮಿ. ಚಾಸಿ ಮಾತ್ರ ಕಬ್ಬಿಣ, ಒಳಗೊಳಗೇ ಸವೀತಿದೆ. ನೋಡಿದವರೆಲ್ಲ ‘ಇನ್ನೂ ಗಟ್ಟಿಮುಟ್ಟಾಗಿದೆ’ ಅಂತಾರೆ. ವಯಸ್ಸಾದವರಿಗೆ ಜನ ಹೇಳೋದೇ ಅದು. ಸಾಲದ್ದಕ್ಕೆ ಈಗ ಬಂಕಲ್ಲಿ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸ್ತಾರೆ. ಜೀವಮಾನವೆಲ್ಲ ಮುಟ್ಟದೇ ಇದ್ದವನಿಗೆ ಮುಪ್ಪಿನಲ್ಲಿ ಕುಡಿಯೋದು ಕಲಿಸಿದ್ರು.

ಪ್ರಶ್ನೆ: ತಮ್ಮ ಹುಟ್ಟೂರು?

ಡಾಲ್ಫಿನ್: ಬೆಂಗಳೂರು. 1982ರಲ್ಲಿ ನಮ್ಮ ಸಂತತಿ ರಸ್ತೆಗಿಳೀತು. ಪೂರ್ವಿಕರು ಇಂಗ್ಲೆಂಡಿನ ರಿಲಯಂಟ್ ಕಿಟನ್. ಅಲ್ಲಿ ಬೆಕ್ಕಿನ ಮರಿಯಾಗಿದ್ದವರು ಇಲ್ಲಿ ಬಂದು ನೀರಿಗೆ ಬಿದ್ವಿ. 848 ಸಿಸಿ ಎಂಜಿನ್, ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ, ಮೈ ಹಗುರ. ರ‍್ಯಾಲಿಗಳಲ್ಲಿ ನಮ್ಮವರು ದೊಡ್ಡ ದೊಡ್ಡ ಕಾರುಗಳ ಬೆವರಿಳಿಸಿದ್ದು ಅದಕ್ಕೇ.

ಪ್ರಶ್ನೆ: ಮತ್ತೆ ಮುಳುಗಿದ್ದು ಹೇಗೆ?

ಡಾಲ್ಫಿನ್: 1983ರ ಡಿಸೆಂಬರಲ್ಲಿ ಮಾರುತಿ 800 ಬಂತಲ್ಲ, ನಾಲ್ಕು ಜನಕ್ಕೆ ನಾಲ್ಕು ಬಾಗಿಲು. ನನ್ನ ಹಿಂದಿನ ಸೀಟಿಗೆ ಹೋಗಬೇಕಾದ್ರೆ ಮುಂದಿನ ಸೀಟು ಮಡಿಸಿ, ಸೀರೆ ನೆರಿಗೆ ಎತ್ತಿ ಹಿಡಿದು, ಸೊಂಟ ಬಗ್ಗಿಸಿ ನುಸುಳಬೇಕು. ಮದುವೆಗೆ ಹೊರಟ ಹೆಂಗಸರು ಒಪ್ತಾರಾ? ಆಮೇಲೆ ನಮ್ಮ ಕಂಪನಿಯವರೂ ನಾಲ್ಕು ಬಾಗಿಲಿನ ಮೊಂಟಾನಾ ಮಾಡಿದ್ರು. ಅಷ್ಟೊತ್ತಿಗೆ ಜಾತ್ರೆ ಮುಗಿದು ತೇರು ಮನೆ ಸೇರಿತ್ತು.

ಪ್ರಶ್ನೆ: ಆದರೂ ಯಜಮಾನರು ಮತ್ತೆ ಕೂಪೆಯನ್ನೇ ಹುಡುಕುತ್ತಿದ್ದಾರಲ್ಲ?

ಡಾಲ್ಫಿನ್: ಅದೇ ತಮಾಷೆ. ಕೂಪೆ ಅಂದ್ರೆ ಫ್ರೆಂಚ್ ಭಾಷೇಲಿ ಕತ್ತರಿಸಿದ್ದು ಅಂತ. ಸಾರೋಟಿನ ಒಂದು ಸಾಲು ಸೀಟು ಕತ್ತರಿಸಿ ಇಬ್ಬರಿಗೆ ಅಂತ ಮಾಡಿದ ಗಾಡಿಗೆ ಬಂದ ಹೆಸರು. ರೈಲಿನ ಫಸ್ಟ್ ಕ್ಲಾಸಲ್ಲಿ ಇಬ್ಬರ ಕೋಣೆಗೂ ಅದೇ ಹೆಸರು, ಬೇಕಾದ್ರೆ ಅರಸೀಕೆರೆ ಜಂಕ್ಷನ್‌ಗೆ ಹೋಗಿ ಕೇಳಿ. ಈಗಿನ ಕೂಪೆಗೆ ನಾಲ್ಕು ಬಾಗಿಲು! 2024ರಲ್ಲಿ ಬಂದ ಟಾಟಾ ಕರ್ವ್, ಸಿಟ್ರೊಯೆನ್ ಬಸಾಲ್ಟ್ ಎರಡೂ ‘ಕೂಪೆ ಎಸ್‌ಯುವಿ’. ಕತ್ತರಿಸಿದ್ದು ಏನೂ ಇಲ್ಲ, ಚಾವಣಿಯನ್ನ ಹೆಂಚಿನ ಮನೆ ಸೂರಿನ ಥರ ಹಿಂದಕ್ಕೆ ಇಳಿಬಿಟ್ಟಿದ್ದಾರೆ. ಎರಡು ಬಾಗಿಲು ಇದ್ದ ತಪ್ಪಿಗೆ ನಾನು ಗುಜರಿ, ಎರಡು ಬಾಗಿಲಿನ ಹೆಸರು ಹೇಳ್ಕೊಂಡೋರು ಫ್ಯಾಷನ್ನು!

ಪ್ರಶ್ನೆ: ಅಸಲಿ ಎರಡು ಬಾಗಿಲಿನದ್ದನ್ನೇ ಕೊಳ್ಳಬಹುದಲ್ಲ?

ಡಾಲ್ಫಿನ್: ವಿಚಾರಿಸಿದ್ರು. ರೇಟು ಕೇಳಿ, ಆಮೇಲೆ ಒಂದು ಲೋಟ ನೀರು ಕೇಳಿದ್ರು. ನೆಲಕ್ಕೆ ಹತ್ತಿಕೊಂಡಂಗೆ ಇರೋ ಗಾಡಿ ಅದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಅಂದ್ರೆ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಹಳ್ಳಿ ದಾರಿಯ ಹಂಪ್ ಅಂದ್ರೆ ರಸ್ತೆಗೆ ಅಡ್ಡ ಮಲಗಿದ ಎಮ್ಮೆ, ಅದರ ಮೇಲೆ ಡಾಂಬರು. ಅಂಥ ಗಾಡಿ ಮನೆ ಮುಟ್ಟೋದ್ರಲ್ಲಿ ಹೊಟ್ಟೆ ಚರ್ಮ ಸುಲಿದಿರುತ್ತೆ.

ಪ್ರಶ್ನೆ: ಖರ್ಚಿನ ಲೆಕ್ಕ ಹಾಕಿದ್ದಾರೆಯೇ?

ಡಾಲ್ಫಿನ್: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 18 ಆಯ್ತು. ಉದ್ದ ನಾಲ್ಕು ಮೀಟರ್ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 40. ಅಂದ್ರೆ ಬಾಲಕ್ಕೂ ತೆರಿಗೆ. ಮೇಲೆ ರಾಜ್ಯದ ಜೀವಾವಧಿ ತೆರಿಗೆ, ವಿಮೆ, ಬ್ಯಾಂಕಿನ ಕಂತು. ಕೂಪೆಗೂ ಕೂಪಕ್ಕೂ ಇರೋದು ಒಂದೇ ಒಂದು ಎತ್ವದ ವ್ಯತ್ಯಾಸ ಸ್ವಾಮಿ. ಹಂಗಂತ ನನ್ನನ್ನ ಇಟ್ಕೊಳ್ಳೋದೂ ಸಸ್ತಾ ಅಲ್ಲ. 600 ರೂಪಾಯಿ ಇದ್ದ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 5,000 ಆಯ್ತು.

ಪ್ರಶ್ನೆ: ವೇಗದ ಆಸೆ ತಪ್ಪೇ?

ಡಾಲ್ಫಿನ್: ತಪ್ಪಲ್ಲ. ಈ ಊರಿನ ಹೆಸರು ಹೊತ್ತು ಜೋರಾಗಿ ಓಡಿದವರು ಬೌಲರ್ ಜಾವಗಲ್ ಶ್ರೀನಾಥ್. ಆದ್ರೆ ಅವರನ್ನೂ ಜನ ಕರೆದದ್ದು ‘ಮೈಸೂರ್ ಎಕ್ಸ್‌ಪ್ರೆಸ್’ ಅಂತ. ಇನ್ನು ನಮ್ಮ ಲಕ್ಷ್ಮೀನರಸಿಂಹನ ಗುಡಿ ನೋಡಿ, 1250ರ ಸುಮಾರಿಗೆ ಹೊಯ್ಸಳರು ಕಟ್ಟಿದ್ದು. ಗೋಡೆ ತುಂಬ ಕುದುರೆ ಸವಾರರ ಸಾಲು. ಒಂದು ಕುದುರೆಗೆ ಒಬ್ಬನೇ, ಹಿಂದೆ ಯಾರೂ ಇಲ್ಲ, ಕೊಬ್ಬರಿ ಚೀಲವೂ ಇಲ್ಲ. ಅದಪ್ಪಾ ಅಸಲಿ ಕೂಪೆ! ಏಳುನೂರ ಎಪ್ಪತ್ತು ವರ್ಷದಿಂದ ಓಡ್ತಾನೇ ಇದ್ದಾರೆ, ಒಂದು ಗೇಣೂ ಮುಂದೆ ಹೋಗಿಲ್ಲ. ನಮ್ಮ ಯಜಮಾನರು ಹೋಗಬೇಕಾದದ್ದು ಎಲ್ಲಿಗೆ? ಕೊಬ್ಬರಿ ರೇಟು ಕೇಳೋಕೆ ಅರಸೀಕೆರೆಗೆ, ಅವ್ವನ ಕಣ್ಣು ತೋರ್ಸೋಕೆ ಹಾಸನಕ್ಕೆ.

ಪ್ರಶ್ನೆ: ಕೊನೆಗೆ ಟೆಸ್ಟ್ ಡ್ರೈವ್ ಆಯಿತೇ?

ಡಾಲ್ಫಿನ್: ನಾನೇ ಕರ್ಕೊಂಡು ಹೋದೆ. ಯಾವ ಕಂಪನಿ ಅಂತ ಮಾತ್ರ ಕೇಳಬೇಡಿ. ಗಾಜಿನ ಆಚೆ ನಿಂತು ಎಲ್ಲ ನೋಡ್ದೆ. ಯಜಮಾನರು ಸ್ಟೀರಿಂಗ್ ಹಿಡಿದು ಇಪ್ಪತ್ತರ ಹುಡುಗ ಆಗ್ಬಿಟ್ರು. ಶೋರೂಮಿನ ಹುಡುಗ ಬಾಗಿಲು ತೆಗೆದ, ಅವ್ವ ಹಿಂದೆ ಕೂತ್ರು. ತುರುಬು ಚಾವಣಿಗೆ ತಾಗಿ, ಮುಡಿದಿದ್ದ ಕನಕಾಂಬರ ಎರಡು ಎಸಳು ಸೀಟಿನ ಮೇಲೆ ಬಿತ್ತು. ಅವ್ವ ಅದನ್ನ ಆರಿಸಿಕೊಂಡು, ‘ಇದ್ರಲ್ಲಿ ಊರಿಗೆ ಹೋದ್ರೆ ತಲೆ ತಗ್ಗಿಸ್ಕೊಂಡೇ ಹೋಗ್ಬೇಕಲ್ಲೋ ಮಗ’ ಅಂದ್ರು. ಶೋರೂಮಿನ ಹುಡುಗ ಇಡೀ ದಿನದಲ್ಲಿ ಮಾತು ನಿಲ್ಲಿಸಿದ್ದು ಆಗ ಒಂದ್ಸಲ.

ಪ್ರಶ್ನೆ: ಹಾಗಾದರೆ ನಿಮ್ಮಲ್ಲಿ ಅವ್ವ ಎಲ್ಲಿ ಕೂರುತ್ತಿದ್ದರು?

ಡಾಲ್ಫಿನ್: ಮುಂದೆ. ನೀವು ಈಗ ಕೂತಿರೋ ಜಾಗದಲ್ಲೇ. ಹಿಂದೆ ಅವರನ್ನ ಕೂರಿಸೋ ಯೋಗ್ಯತೆ ನನಗೂ ಇರಲಿಲ್ಲ ಅನ್ನೋದನ್ನ ಒಪ್ಕೋಬೇಕು.

ಪ್ರಶ್ನೆ: ಓದುಗರಿಗೆ ಕಿವಿಮಾತು?

ಡಾಲ್ಫಿನ್: ಬುಕ್ ಮಾಡೋ ಮುಂಚೆ ಮನೆಯ ಹಿರಿಯರನ್ನ ಹಿಂದಿನ ಸೀಟಲ್ಲಿ ಕೂರಿಸಿ, ಗುಂಡಿ ಇರೋ ರಸ್ತೇಲಿ ಎರಡು ಮೈಲಿ ಹೋಗಿ ಬನ್ನಿ. ಹೇಗಿದೆ ಅಂತ ಅವರನ್ನ ಕೇಳಿ. ಸ್ಟೀರಿಂಗ್ ಹಿಡಿದವನನ್ನ ಕೇಳಬೇಡಿ, ಅವನಿಗೆ ಎಲ್ಲ ಕಾರೂ ಚೆನ್ನಾಗಿಯೇ ಇರುತ್ತೆ.